ಬೂದಿ ಪೆಟ್ಟಿಗಿ ಅಪಶಕುನ ಅಂದವರಿಗೆ

ಭಾಗ 1

ಫೋಟೋದಾಗ ಇರೋದು ಮಾವಿನ ಕಟ್ಟಿಗಿ ಪೆಟ್ಟಿಗಿ. ಒಳಗಿನ ಅಳತೆ 6 ಇಂಚು ಉದ್ದ, 6 ಇಂಚು ಅಗಲ, 6 ಇಂಚು ಎತ್ತರ. ಕಬ್ಬಿಣದ ಮೊಳೆ ಇಲ್ಲ, ವಾರ್ನಿಶ್ ಇಲ್ಲ. ಸುಟ್ಟ ಮ್ಯಾಲೆ ಉಳಿಯೋ ಅಸ್ಥಿ, ಬೂದಿ ಇಡಾಕ ಅಂತ ಮಾಡಿದ್ದು. ಚಿಕ್ಕೋಡಿಯ ನಮ್ಮ ಅಂಗಡ್ಯಾಗ, ಅರ್ಧ ಕೆಲಸ ಅಪ್ಪಂದು, ಅರ್ಧ ನಂದು.

ಹೋದ ವಾರ ಇಂಥದ್ದೇ ಒಂದು ಫೋಟೋ ಹಾಕಿದ್ದೆ. ಕೆಳಗ "ಅಸ್ಥಿ ಪೆಟ್ಟಿಗಿ" ಅಂತ ಎರಡೇ ಶಬ್ದ. ಅದಕ್ಕ ನೀವು ಬರೆದಿದ್ದು ಇವು.

"ಥೂ, ಮುಂಜಾನೆ ಎದ್ದ ಕೂಡಲೇ ಇದನ್ನ ನೋಡಬೇಕಾ?"
"ಅಪಶಕುನ. ಅನ್‌ಫಾಲೋ."
"ಹುಡುಗಿ ಆಗಿ ಇಂಥಾ ಧಂದೆ ಯಾಕ ಬೇಕಿತ್ತು ನಿನಗ?"
"ಸಾವಿನ ಮ್ಯಾಲೂ ರೊಕ್ಕಾ ಗಳಸ್ತೀರಲ್ಲ."
"ಮಸ್ತ್ ಐಡಿಯಾ! ಪ್ರೀಮಿಯಂ ಬ್ರ್ಯಾಂಡ್ ಮಾಡು, ಪಾಲಿಶ್ ಹೊಡಿ, 5 ಸಾವಿರಕ್ಕ ಹೋಗ್ತಾವ."

ಬರೆದವರಲ್ಲಿ ಏಳು ಮಂದಿ ನನ್ನ ಕ್ಲಾಸಿನವರು. ಒಂದೇ ಬೆಂಚಿನ ಮ್ಯಾಲೆ ಕೂತು ಡಬ್ಬಿ ಹಂಚಿಕೊಂಡು ತಿಂದವರು. ಹೆಸರು ಹೇಳಂಗಿಲ್ಲ, ನಿಮಗ ಗೊತ್ತೈತಿ.

ನಮ್ಮ ಅಪ್ಪಗ ಇನ್‌ಸ್ಟಾ ಇಲ್ಲ. ಆದ್ರ ಯಾರೋ ಪುಣ್ಯಾತ್ಮರು ಸ್ಕ್ರೀನ್‌ಶಾಟ್ ತಗದು ನಮ್ಮ ಕಾಕಾನ ವಾಟ್ಸಾಪ್‌ಗೆ ಕಳಿಸಿದ್ರು. ಅವತ್ತ ಸಂಜಿಗೆ ಅಂಗಡಿ ಮುಂದಿನ ಹಲಗಿ ಮ್ಯಾಲಿದ್ದ ಎರಡು ಪೆಟ್ಟಿಗಿ ಒಳಗ ಹೋದ್ವು, ಪ್ಲೈವುಡ್ ಶೀಟ್ ಹಿಂದ. "ಸಂಬಂಧ ನೋಡಾಕ ಬರೋ ಮಂದಿ ಮೊದಲ ಇದನ್ನ ನೋಡಬೇಕೇನವ್ವ, ಬ್ಯಾಡ ಬಿಡು" ಅಂದ್ರು. ಸಿಟ್ಟಿನಿಂದ ಅಂದಿದ್ರ ನಾ ಜಗಳ ಆಡ್ತಿದ್ದೆ. ಮೆಲ್ಲಗ ಅಂದ್ರು.

ಅದಕ್ಕ ಈ ಸರಣಿ. ಉದ್ದ ಐತಿ. ಓದೋರು ಓದ್ರಿ, ಉಳಿದವರು ರೀಲ್ಸ್ ಕಡೆ ಹೋಗ್ರಿ.

ಭಾಗ 2

ಈ ಫೋಟೋ ಪೆಟ್ಟಿಗಿದಲ್ಲ. ಬೇವಿನ ಟೊಂಗಿಗೆ ಕಟ್ಟಿರೋ ಮಣ್ಣಿನ ಗಡಿಗಿ, ಬಾಯಿಗೆ ಕೆಂಪು ಅರಿವಿ. ಸುಡುಗಾಡಿನ ಕಡೆ ತಲೆ ಎತ್ತಿ ನೋಡಿದವರಿಗೆ ಗೊತ್ತು.

ಪ್ಯಾಟ್ಯಾಗ ಬೆಳದವರಿಗೆ ಹೇಳ್ತೀನಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕಿನಾಗ ಎಲ್ಲರೂ ಸುಡೋದಿಲ್ಲ. ಲಿಂಗಾಯತರು ಕೂಡಿಸಿ ಮಣ್ಣು ಮಾಡ್ತಾರ, ಮುಸ್ಲಿಮರು ದಫನ್ ಮಾಡ್ತಾರ. ಜೈನರು, ಮರಾಠರು, ಬ್ರಾಹ್ಮಣರು, ಇನ್ನೂ ಹಲವು ಸಮಾಜದವರು ಸುಡ್ತಾರ. ಸುಟ್ಟವರ ಮನಿಯಾಗ ಮೂರನೇ ದಿನ ರಕ್ಷಾ ವಿಸರ್ಜನೆ. ಬೂದಿ ಮ್ಯಾಲೆ ಹಾಲು, ನೀರು ಹಾಕಿ ತಂಪು ಮಾಡಿ, ಎಲುವಿನ ಚೂರು ಆರಿಸಿ ಗಡಿಗ್ಯಾಗ ಹಾಕ್ತಾರ. ಬಹಳ ಕಡೆ ಆ ಗಡಿಗಿಯನ್ನ ಮನಿ ಒಳಗ ತರೋದಿಲ್ಲ. ಮರಕ್ಕ ಕಟ್ತಾರ, ಇಲ್ಲಾ ದನದ ಕೊಟ್ಟಿಗಿ ಮೂಲ್ಯಾಗ ಎತ್ತರಕ್ಕ ಇಡ್ತಾರ. ಕೆಲವರು ಅವತ್ತೇ ನದಿಗೆ ಹೋಗ್ತಾರ: ಕೃಷ್ಣೆಗೆ ದೂಧಗಂಗಾ ಕೂಡೋ ಕಲ್ಲೋಳ–ಯಡೂರ ಕಡೆ, ಇಲ್ಲಾ ಪಂಚಗಂಗಾ ಕೂಡೋ ನರಸೋಬಾವಾಡಿಗೆ. ಕೆಲವರು ಮಗ ದೂರದಿಂದ ಬರಲಿ ಅಂತ, ಕಾಶಿಗೆ ಹೋಗೋ ರೊಕ್ಕಾ ಕೂಡಲಿ ಅಂತ ತಿಂಗಳುಗಟ್ಟಲೆ ಕಾಯ್ತಾರ.

ಆ ನಡುವಿನ ದಿನಗಳು ಯಾರದ್ದು? ಸತ್ತವರು ಮನಿಯಾಗಿಲ್ಲ, ನದಿಯಲ್ಲೂ ಇಲ್ಲ. ಆ ದಿನಗಳಲ್ಲಿ ಅವರು ಎಲ್ಲಿ ಇರ್ತಾರ ಅಂತ ನಾ ನೋಡೀನಿ. ಖಾಲಿ ಪೇಂಟಿನ ಡಬ್ಬ್ಯಾಗ. ಉಪ್ಪಿನಕಾಯಿ ಪ್ಲಾಸ್ಟಿಕ್ ಬರಣ್ಯಾಗ. ಕಿರಾಣಿ ಅಂಗಡಿ ಕ್ಯಾರಿಬ್ಯಾಗಿನಾಗ ಗಂಟು ಕಟ್ಟಿ, ಸ್ಕೂಟಿ ಡಿಕ್ಕಿಯೊಳಗ. ಇದನ್ನ ನೋಡಿ ಯಾರೂ ಅಪಶಕುನ ಅನ್ನಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ: ಗಡಿಗಿಗಿಂತ ಛಲೋ ವಸ್ತು ಇದಕ್ಕ ಇಲ್ಲ. ನಿಮ್ಮ ಊರಾಗ ಕುಂಬಾರರ ಓಣಿ ಇನ್ನೂ ಉಳದಿದ್ರ ಮೊದಲ ಅಲ್ಲಿಗೆ ಹೋಗ್ರಿ, ನಮ್ಮಲ್ಲಿಗೆ ಬರಬ್ಯಾಡ್ರಿ. ನಮ್ಮಲ್ಲಿಗೆ ಬರೋರು ದೂರ ಹೋಗೋರು, ಬಹಳ ದಿನ ಇಟ್ಕೊಳ್ಳೋರು, ಮತ್ತ ತಮ್ಮ ಮನಿ ಕಟ್ಟಿಗಿ ತಾವೇ ತರೋರು. ಕಡೇ ಮಂದಿ ಬಗ್ಗೆ ಮುಂದ ಬರೀತೀನಿ.

ಭಾಗ 3

ಈಗ ಅಪಶಕುನದ ವಿಚಾರ.

ಬಸವ ಜಯಂತಿಗೆ ಸ್ಟೇಟಸ್ ಹಾಕೋರು ನಿಮ್ಮಾಗ ಎಷ್ಟು ಮಂದಿ ಅದೀರಿ ಅಂತ ನನಗ ಗೊತ್ತು. ಶರಣರು ಪಂಚಸೂತಕ ಒಪ್ಪಲಿಲ್ಲ ಅಂತ ನಾವು ಪರೀಕ್ಷ್ಯಾಗ ಬರೆದು ಅಂಕ ತಗೊಂಡೀವಿ. ಜನನ, ಮರಣ, ರಜಸ್ಸು, ಎಂಜಲು, ಜಾತಿ. ಎರಡನೇದ್ದು ಮರಣ. 12ನೇ ಶತಮಾನದಾಗ ಅವರು ಕಿತ್ತೊಗೆದದ್ದನ್ನ ನೀವು ಕಾಮೆಂಟ್ ಬಾಕ್ಸಿನಾಗ ಮತ್ತ ನೆಡಾಕತ್ತೀರಿ.

ಅಷ್ಟು ಹಿಂದಕ್ಕ ಹೋಗೋದು ಬ್ಯಾಡ ಅಂದ್ರ ನಮ್ಮ ಜಿಲ್ಲಾಕ್ಕೇ ಬರ್ರಿ. 2014ರ ಡಿಸೆಂಬರ್ 6, ಅಂಬೇಡ್ಕರ್ ಪರಿನಿರ್ವಾಣದ ದಿನ, ಆಗ ಮಂತ್ರಿಯಾಗಿದ್ದ ಸತೀಶ ಜಾರಕಿಹೊಳಿ ಬೆಳಗಾವಿ ಸದಾಶಿವನಗರದ ಸ್ಮಶಾನದಾಗ ರಾತ್ರಿ ಕಳೆದ್ರು. ಆಮೇಲೂ ಡಿಸೆಂಬರ್ 6ಕ್ಕ ಅಲ್ಲೇ ಮೌಢ್ಯದ ವಿರುದ್ಧ ಕಾರ್ಯಕ್ರಮ, ಅಲ್ಲೇ ಊಟ. ಅವರ ರಾಜಕೀಯ ನಿಮಗ ಸೇರಲಿ, ಬಿಡಲಿ. ಆ ಫೋಟೋಗಳಿಗೆ ಲೈಕ್ ಒತ್ತಿದ ಬೆರಳು ಮತ್ತ ನನ್ನ ಪೆಟ್ಟಿಗಿಗೆ "ಥೂ" ಅಂದ ಬೆರಳು ಒಂದೇ ಅಂತ ನಾ ನೋಡೇ ಹೇಳಾಕತ್ತೀನಿ. ಮಂತ್ರಿ ಸುಡುಗಾಡಿನಾಗ ಊಟ ಮಾಡಿದ್ರ ಕ್ರಾಂತಿ, ಬಡಿಗೇರ ಮಗಳು ಸುಡುಗಾಡಿಗೆ ಬೇಕಾದ ಪೆಟ್ಟಿಗಿ ಮಾಡಿದ್ರ ಅಪಶಕುನ.

ಇನ್ನೊಂದು ಉದಾಹರಣೆ ನಮ್ಮ ಕಾಲಾಗೇ ಐತಿ. ಕೊಲ್ಹಾಪುರಿ ಚಪ್ಪಲಿ. ಹೆಸರು ಕೊಲ್ಹಾಪುರದ್ದಾದ್ರೂ ಅಥಣಿ, ನಿಪ್ಪಾಣಿ ಕಡೆ ತಲಿಮಾರುಗಳಿಂದ ಮಾಡ್ತಾರ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲಾ ಜೊತಿ ಕರ್ನಾಟಕದ ನಾಲ್ಕು ಜಿಲ್ಲಾ ಅದರಾಗ ಬಂದ್ವು: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. 2025ರ ಜೂನ್‌ನಾಗ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಶೋದಾಗ ಅಂಥದ್ದೇ ಚಪ್ಪಲಿ ಹಾಕಿಸಿ ನಡೆಸಿದಾಗ ನಿಮ್ಮೆಲ್ಲರ ಸ್ಟೋರಿ ನೆನಪೈತಿ. "ನಮ್ಮ ಅಥಣಿ, ನಮ್ಮ ಹೆಮ್ಮೆ." ಭಾಳ ಛಲೋ. ಆ ಚರ್ಮ ಹದ ಮಾಡಿದ ಕೈಯನ್ನ ಊರ ಹೊರಗ ಇಟ್ಟವರು ಯಾರು? ಮಿಲಾನ್‌ದಾಗಿನ ಮಂದಿ ಏನಲ್ಲ. ಸತ್ತ ದನದ ಚರ್ಮ ಮುಟ್ಟಿದ ಕೆಲಸ ಅಂತ ಮೂಗು ಮುಚ್ಚಿದ ನಾವೇ, ಹೊರದೇಶದಿಂದ ಯಾರೋ ನಕಲು ಮಾಡಿದ ಮ್ಯಾಲೆ ಅದನ್ನ ಕಲೆ ಅಂದ್ವಿ. ನನ್ನ ಪೆಟ್ಟಿಗಿ ಯಾವ ಪ್ರಾಡಾಕ್ಕಾಗಿ ಕಾಯಬೇಕು ಹೇಳ್ರಿ?

ಹಂಗಂತ ನನ್ನ ನೋವು ದೊಡ್ಡದು ಅಂತ ಅಲ್ಲ. ಹಲಗಿ ಬಾರಿಸೋರು, ಕುಣಿ ತೋಡೋರು, ಸೌದಿ ಒಟ್ಟೋರು, ಅವರನ್ನ ನೀವು ಮಾಣಿ ಹೊರಗ ಇಟ್ಟು ಚಹಾ ಕೊಟ್ಟಿದ್ದು ನಾ ಕಣ್ಣಾರೆ ನೋಡೀನಿ. ನನಗ ಒಂದು ವಾರ ಆದದ್ದು ಅವರಿಗೆ ಜನ್ಮಪೂರ್ತಿ ಆಗೈತಿ. ನಮ್ಮದು ಉಳಿ, ಕರಗಸದ ಕುಲ. ಇಷ್ಟು ದಿನ ಬಾಗಿಲ ಚೌಕಟ್ಟಿಗೆ ಕರೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಮರ್ಯಾದಿ ಕೊಟ್ಟೀರಿ. ಅದೇ ಕೈ, ಅದೇ ಕರಗಸ, ಆರು ಇಂಚಿನ ಪೆಟ್ಟಿಗಿಗೆ ಬಂದ ಕೂಡಲೇ ಮೈಲಿಗಿ ಆಯ್ತಂದ್ರ ಆ ಮರ್ಯಾದಿ ನಮಗ ಎಂದೂ ಇರಲಿಲ್ಲ, ಬರೀ ಬಾಗಿಲಿಗೆ ಇತ್ತು.

ಭಾಗ 4

"ಸಾವಿನ ಮ್ಯಾಲೂ ರೊಕ್ಕಾ."

ಈ ಫೋಟೋ ನಮ್ಮೂರ ಸರ್ಕಲ್‌ದು. ಹೆಸರು, ಮುಖ ಎಲ್ಲಾ ಅಳಿಸೀನಿ. ಏನು ಕಾಣ್ತೈತಿ? ಫ್ಲೆಕ್ಸ್. "ಭಾವಪೂರ್ಣ ಶ್ರದ್ಧಾಂಜಲಿ." ಸತ್ತವರ ಫೋಟೋ ನಡುವ. ಸುತ್ತ ಇಪ್ಪತ್ತಾರು ಮುಖ. ಎಣಿಸೀನಿ. ಕೂಲಿಂಗ್ ಗ್ಲಾಸ್ ಹಾಕಿದವರು ನಾಲ್ಕು. ಸತ್ತ ಅಜ್ಜನ ಹೆಸರಿಗಿಂತ "ದುಃಖತಪ್ತ ಗೆಳೆಯರ ಬಳಗ" ಅನ್ನೋ ಅಕ್ಷರ ದೊಡ್ಡದು. ಕನ್ನಡದ್ದು ಒಂದು, ಮರಾಠಿದು ಇನ್ನೊಂದು. ಮೂರು ಮಳಿಗೆ ಹರೀತಾವ, ಆಮ್ಯಾಲೆ ಯಾರದೋ ಕಣದಾಗ ಗೊಬ್ಬರದ ಮ್ಯಾಲೆ ಹೊದಿಸಿರ್ತಾರ. ಅದರ ಬಿಲ್ ಕೊಡಾಕ ಪಟ್ಟಿ ಎತ್ತಿದವರು ನೀವೇ.

ಫ್ಲೆಕ್ಸ್ ಹೊಡೆದವ, ಹಾರ ಮಾರಿದವ, ಆಂಬುಲೆನ್ಸ್‌ದವ, ಸೌದಿ ಡಿಪೋದವ, ಮಂತ್ರ ಹೇಳಿದವ, ದಿವಸದ ಊಟದ ಕಾಂಟ್ರ್ಯಾಕ್ಟ್ ಹಿಡಿದವ, ಎಲ್ಲರೂ ರೊಕ್ಕಾ ತಗೊಂಡಾರ. ತಗೋಬೇಕು. ಅವರದ್ದೂ ಹೊಟ್ಟಿ. ನಾ ಅವರನ್ನ ಬಯ್ಯಾಕ ಹತ್ತಿಲ್ಲ. ಬಡಿಗೇರನ ಕೂಲಿ ಬಂದಾಗ ಮಾತ್ರ ನಿಮಗ ಧರ್ಮ ನೆನಪಾಗ್ತೈತಿ, ಅದನ್ನ ಕೇಳಾಕತ್ತೀನಿ.

ಕಟ್ಟಿಗಿ ಹಾಳು ಅಂತನೂ ಒಬ್ಬ ಅಂದ. ಲೆಕ್ಕ ನೋಡ್ರಿ. ಒಂದು ಚಿತಿಗೆ ಮಾಮೂಲಿಯಾಗಿ ನಾಲ್ಕೈದು ಕ್ವಿಂಟಲ್ ಸೌದಿ ಬೇಕು, ಮ್ಯಾಲೆ ಕುಳ್ಳು ಬೇರೆ. ಈ ಪೆಟ್ಟಿಗಿಯ ಕಟ್ಟಿಗಿ ಒಂದೂವರೆ ಕಿಲೋ ಒಳಗ. ಅದೂ ಚೌಕಟ್ಟು ಕೊಯ್ದಾಗ ಉಳಿದ ತುಂಡು, ಇಲ್ಲಾಂದ್ರ ಒಲಿಗೆ ಹೋಗೋದು.

ಭಾಗ 5

ಈಗ ಆ "ಮಸ್ತ್ ಐಡಿಯಾ" ಅಂದ ದೋಸ್ತಗ. ಬೈದವರಿಗಿಂತ ನಿನ್ನ ಮ್ಯಾಲೆ ನನಗ ಸಿಟ್ಟು ಜಾಸ್ತಿ, ಯಾಕಂದ್ರ ನೀ ಹೊಗಳಿದಿ.

ನೀ ಕಳಿಸಿದ ಲಿಂಕ್ ನೋಡಿದೆ. ಅಮೆರಿಕದ ಅಂಗಡಿ. ವಾಲ್‌ನಟ್ ಕಟ್ಟಿಗಿ, ಕನ್ನಡಿ ಹಂಗ ಪಾಲಿಶ್, ಒಳಗ ಮಕಮಲ್ಲು. ಅಲ್ಲಿ ಈಗ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನ ಸುಡ್ತಾರ. ಉಳಿದ ಎಲುಬನ್ನ ಮಷೀನಿನಾಗ ಪುಡಿ ಮಾಡಿ ಮನಿಯವರ ಕೈಗೆ ಕೊಡ್ತಾರ, ಎರಡರಿಂದ ಮೂರು ಕಿಲೋ. ಅವರ ಲೆಕ್ಕ: ದೇಹದ ತೂಕ ಒಂದು ಪೌಂಡ್‌ಗೆ ಒಂದು ಘನ ಇಂಚು ಜಾಗ, ದೊಡ್ಡವರಿಗೆ 200 ಘನ ಇಂಚು ಹಿಡಿಸೋ ಪಾತ್ರೆ. ನಮ್ಮದು 216 ಬರ್ತೈತಿ, ಅಂದ್ರ ಅಳತಿ ಒಂದೇ. ಉದ್ದೇಶ ಬ್ಯಾರೆ. ಬಹಳ ಮಂದಿ ಅದನ್ನ ಮನಿಯಾಗ ಕಪಾಟಿನ ಮ್ಯಾಲೆ ವರ್ಷಗಟ್ಟಲೆ ಇಡ್ತಾರ. ಹಂಗಾಗಿ ಅಲ್ಲಿ ಪಾಲಿಶ್ ಬೇಕು, ಮಕಮಲ್ಲು ಬೇಕು. ಅದು ಅವರ ರೀತಿ, ಅದಕ್ಕೂ ನನ್ನ ತಕರಾರಿಲ್ಲ.

ನಮ್ಮಲ್ಲಿ ಅದು ಹೋಗೋ ವಸ್ತು. ಹೋಗಬೇಕಾದದ್ದನ್ನ ಉಳಿಯೋ ಹಂಗ ಮಾಡಿದ್ರ ಏನಾಗ್ತೈತಿ ಅನ್ನಾಕ ಗಾಂಧೀಜಿ ಕಥೀನೇ ಐತಿ. 1948ರ ಫೆಬ್ರವರಿಯಲ್ಲಿ ಅವರ ಅಸ್ಥಿ ದೇಶದ ನದಿಗಳಿಗೆ ಹೋಯ್ತು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೂ ಬಂತು. ಅದರಾಗ ಒಂದು ಪಾಲು ಮಾತ್ರ ಕಟ್ಟಿಗಿ ಪೆಟ್ಟಿಗಿಯೊಳಗ ಒಡಿಶಾದ ಕಟಕ್‌ನ ಒಂದು ಬ್ಯಾಂಕ್ ಲಾಕರಿನಾಗ ಉಳೀತು. ಕೋರ್ಟಿಗೆ ಹೋಗಿ ಬಿಡಿಸಿಕೊಂಡು, ಮೊಮ್ಮಗನ ಮಗ ತುಷಾರ್ ಗಾಂಧಿ ಅಲಹಾಬಾದ್ ಸಂಗಮದಾಗ ಬಿಟ್ಟಿದ್ದು 1997ರ ಜನವರಿ 30ಕ್ಕ. ಏನೂ ತನ್ನದು ಅಂತ ಇಟ್ಕೊಳ್ಳದ ಮನುಷ್ಯ ಲಾಕರಿನಾಗ! ಪೆಟ್ಟಿಗಿ ಎಷ್ಟು ಗಟ್ಟಿ ಇತ್ತೋ ಅಷ್ಟು ದಿನ ಮರೆಯೋದು ಸುಲಭ ಆಯ್ತು.

ಇನ್ನು ಆ 5 ಸಾವಿರದ ಮಾತು. ಮೂರು ದಿನದ ಹಿಂದ ಅವ್ವನ್ನ ಕಳಕೊಂಡ ಮನುಷ್ಯ ಅಂಗಡಿ ಮುಂದ ನಿಂತಾಗ ಚೌಕಾಶಿ ಮಾಡೋದಿಲ್ಲ. ಸಂತ್ಯಾಗ ಎಂಟಾಣೆಗೆ ಜಗಳ ಆಡೋನು ಇಲ್ಲಿ ಕೇಳಿದಷ್ಟು ಎಣಿಸಿ ಕೊಟ್ಟು ಹೋಗ್ತಾನ. "ಅವ್ವಗ ಕಡಿಮಿದು ಬ್ಯಾಡ" ಅಂತಾನ. ಅದು ನನಗ ಗೊತ್ತು, ನಿನಗೂ ಗೊತ್ತು, ಅದಕ್ಕೇ ನೀ 5 ಸಾವಿರ ಅಂದಿ. ಪ್ರೀಮಿಯಂ ಅನ್ನೋ ಶಬ್ದದ ಒಳಗ ಇರೋದು ಇದೇ: ಎದುರಿನವ ಬ್ಯಾಡ ಅನ್ನಲಾರದ ಹೊತ್ತು ನೋಡಿ ಕೈ ಚಾಚೋದು. ಬಿಕಾಂ ಓದಾಕತ್ತೀವಿ, ಮಾರ್ಕೆಟಿಂಗ್ ಪೇಪರ್ ನಂದೂ ಐತಿ. ಇದನ್ನ ಮಾರ್ಕೆಟಿಂಗ್ ಅಂತ ನಾ ಬರೆಯೋದಿಲ್ಲ.

ಭಾಗ 6

ಈ ಸಲ ಸ್ವೈಪ್ ಮಾಡ್ರಿ, ನಾಲ್ಕು ಫೋಟೋ ಅದಾವ.

ಮೊದಲನೇದು ಬರೀ ಕಟ್ಟಿಗಿ. ಉಳುಮಿಗೆ ಎತ್ತು ಇದ್ದಾಗ ಬಡಿಗೇರರ ಮನಿಗೆ ವರ್ಷಪೂರ್ತಿ ಕೆಲಸ: ರಂಟಿ, ಕುಂಟಿ, ಕೂರಿಗಿ, ಚಕ್ಕಡಿ ಗಾಲಿ. ರೊಕ್ಕದ ಬದಲಿ ಸುಗ್ಗ್ಯಾಗ ಜೋಳದ ಆಯ. ಟ್ರ್ಯಾಕ್ಟರ್ ಬಂದ ಮ್ಯಾಲೆ ಅದು ಹೋಯ್ತು. ಈಗ ಪ್ಲೈವುಡ್, ಮಾಡ್ಯುಲರ್ ಕಿಚನ್. ಆದ್ರ ಹಳೇ ಕೂರಿಗಿ, ನೊಗ, ಮಂಚದ ಕಾಲು ಮನಿ ಅಟ್ಟದ ಮ್ಯಾಲೆ ಇನ್ನೂ ಬಿದ್ದಾವ. ತಂದಿ ತೀರಿಕೊಂಡಾಗ ಮಕ್ಕಳು ಅದನ್ನ ಹೊತ್ತು ತರ್ತಾರ. "ಇದರಾಗ ಮಾಡಿ ಕೊಡ್ರಿ" ಅಂತಾರ. ನಾ ಹೇಳಿದ ಆ ಕಡೇ ಮಂದಿ ಇವರು.

ಎರಡನೇ ಫೋಟೋ ಅಂಥ ಒಂದು ಕೂರಿಗಿ. ರಾಯಬಾಗ ಕಡೆಯ ಅಣ್ಣ, ತಮ್ಮ ಇಬ್ಬರೂ ತಂದಿದ್ರು. ಹೊಲದ ಪಾಲಿನ ಜಗಳಕ್ಕ ಎರಡು ವರ್ಷ ಮಾತಿಲ್ಲ ಅಂತ ಆಮ್ಯಾಲೆ ತಿಳೀತು. ಜಾಲಿ ಕಟ್ಟಿಗಿ, ಕಬ್ಬಿಣ ಆಗಿತ್ತು. ಕರಗಸದ ಹಲ್ಲು ಎರಡು ಸಲ ಮಸೆಯಬೇಕಾಯ್ತು. ಬೀಜ ಉದುರಿ ಉದುರಿ ನುಣುಪಾದ ತೂತು ಒಂದಿತ್ತು, ಅದನ್ನ ಮುಚ್ಚಬ್ಯಾಡ್ರಿ ಅಂದ ತಮ್ಮ. ಅಣ್ಣ ಅದೇ ಹೇಳಾಕ ಬಾಯಿ ತೆರದಿದ್ದ. ಮುಚ್ಚಳದ ನಡುವ ಆ ತೂತು ಹಂಗೇ ಬಿಟ್ವಿ, ಒಳಗಿನಿಂದ ಅರಿವಿ ತುಂಡು ಹಚ್ಚಿ. ಇಬ್ಬರೂ ಅರ್ಧ ಅರ್ಧ ರೊಕ್ಕಾ ಕೊಟ್ರು. ಜಗಳ ಮುಗೀತೋ ಇಲ್ಲೋ ನನಗ ಗೊತ್ತಿಲ್ಲ, ಕೇಳೋದು ನಮ್ಮ ಕೆಲಸಾನೂ ಅಲ್ಲ.

ಮೂರು, ನಾಲ್ಕನೇದು ಕೆಲಸದ್ದು. ಅರ್ಧ ಇಂಚಿನ ಹಲಗಿ. ರಂದಾ ಹೊಡದು, ಮೂಲಿಯಾಗ ಹಲ್ಲಿಗೆ ಹಲ್ಲು ಕೂಡಿಸಿ, ಬಿದಿರಿನ ಮೊಳಿ ಬಡೀತೀವಿ. ಮುಚ್ಚಳಕ್ಕ ತಿರುಪು ಇಲ್ಲ, ಜಾರಿಸೋದು. ಅಳೋ ಕೈಗೆ ತಿರುಪು ಬಿಚ್ಚಾಕ ಬರೋದಿಲ್ಲ. ಮ್ಯಾಲೆ ಅಗಸಿ ಎಣ್ಣಿ ಒಂದು ಕೈ ಒರೆಸ್ತೀವಿ, ಅಷ್ಟೇ. ಮಾವು ಮಣ್ಣಿನಾಗ ಬೇಗ ಕರಗ್ತೈತಿ, ಹೂಳೋರಿಗೆ ಅದು. ಬೇವು ಕಹಿ, ಹುಳ ತಡೀತೈತಿ, ತಿಂಗಳುಗಟ್ಟಲೆ ಇಡೋರಿಗೆ ಅದು. ಸಾಗವಾನಿ ಕೇಳಿದವರಿಗೆ ಬ್ಯಾಡ ಅಂತೀವಿ. ಗೆದ್ದಲು ಸಹಿತ ತಿನ್ನದ ಕಟ್ಟಿಗಿ ಇದಕ್ಕ ಯಾಕ?

ದೂರ ಹೋಗೋರಿಗೆ ಕಟ್ಟಿಗಿ ಯಾಕ ಬೇಕು ಅಂದ್ರ ಅದಕ್ಕೂ ಕಾರಣ ಐತಿ. ವಿಮಾನದಾಗ ಅಸ್ಥಿ ಒಯ್ಯುವಾಗ ಎಕ್ಸ್‌ರೇ ದಾಟಬೇಕು. ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಿಬ್ಬಂದಿ ಸತ್ತವರ ಮ್ಯಾಲಿನ ಗೌರವಕ್ಕ ಆ ಪಾತ್ರೆ ತೆರೆಯೋದಿಲ್ಲ, ಮನಿಯವರೇ ತೆರೀರಿ ಅಂದ್ರೂ. ಎಕ್ಸ್‌ರೇದಾಗ ಒಳಗ ಏನೈತಿ ಅಂತ ಕಾಣದಿದ್ರ ಒಯ್ಯಾಕ ಬಿಡೋದಿಲ್ಲ. ದಪ್ಪ ಲೋಹದ ಪಾತ್ರೆ ಒಳಗ ಕಾಣೋದಿಲ್ಲ, ಕಟ್ಟಿಗಿ ಒಳಗ ಕಾಣ್ತೈತಿ. ಮಣ್ಣಿನ ಗಡಿಗಿ ಒಡೀತೈತಿ. ಅಲ್ಲಿಂದ ತಮ್ಮವರ ಬೂದಿ ಊರಿಗೆ ತರೋ ಮಕ್ಕಳಿಗೆ ಇದು ಶೋಕಿ ಅಲ್ಲ.

ಭಾಗ 7

ಫೋಟೋ: ಕಲ್ಲೋಳ ಬ್ಯಾರೇಜ್, ನೀರು ಇಳಿದ ಮ್ಯಾಲೆ. ಕಂಬಕ್ಕ ಸಿಕ್ಕಿದ್ದು ನೋಡ್ರಿ. ಪ್ಲಾಸ್ಟಿಕ್ ಹಾರ, ಗಾಜು ಒಡೆದ ದೇವರ ಫೋಟೋ, ಅರಿವಿ ಗಂಟು, ಬರಣಿ.

ಪೆಟ್ಟಿಗಿ ಒಯ್ದು ನದಿಗೆ ಒಗೆಯಾಕ ನಾ ಯಾರಿಗೂ ಹೇಳೋದಿಲ್ಲ. ಒಣ ಕಟ್ಟಿಗಿ ತೇಲ್ತೈತಿ. ನಿಮ್ಮ ಅಜ್ಜಿ ಮುಂದಿನ ಊರಿನ ಜಾಕ್‌ವೆಲ್ಲಿಗೆ ಹೋಗಿ ಬಡೀತಾರ. ನದಿಗೇ ಬಿಡಬೇಕು ಅಂದ್ರ ಬೂದಿ ಬಿಟ್ಟು ಪೆಟ್ಟಿಗಿ ವಾಪಸ್ ತರ್ರಿ, ಒಲಿಗೆ ಹಾಕ್ರಿ, ಇಲ್ಲಾ ಮಣ್ಣಾಗ ಹೂಳ್ರಿ. ನಾವು ಕುಡಿಯೋದು ಇದೇ ಕೃಷ್ಣಾ ನೀರು. ಬ್ಯಾಸಗ್ಯಾಗ ಮಹಾರಾಷ್ಟ್ರದಿಂದ ನೀರು ಬಿಡ್ರಿ ಅಂತ ಕೈಮುಗಿದು ಬೇಡ್ತೀವಿ, ಬಂದ ಕೂಡಲೇ ಅದರಾಗ ಬರಣಿ ಒಗೀತೀವಿ. ಮಳಿಗಾಲದಾಗ ಅದೇ ನದಿ ವಾಪಸ್ ಕೊಡ್ತೈತಿ. 2005, 2019, 2021ರ ಮಹಾಪೂರ ಈ ಕಡೆ ಯಾರು ಮರೆತಾರ? ನದಿ ದಂಡಿ ಸುಡುಗಾಡುಗಳೇ ಮೊದಲ ಮುಳುಗ್ತಾವ.

ಕೊಲ್ಹಾಪುರ ಕಡೆ, ಗಡಿಯಾಚೆ ಈಚೆ, ಒಂದು ಛಲೋ ರೂಢಿ ಬೆಳದೈತಿ. ಬೂದಿ ನದಿಗೆ ಒಯ್ಯದೆ ಸ್ವಂತ ಹೊಲದಾಗ ಹಾಕಿ ಗಿಡ ನೆಡೋದು. ಇದೇನು ಹೊಸ ಫ್ಯಾಷನ್ ಅಂತ ಮೂಗು ಮುರೀಬ್ಯಾಡ್ರಿ. ನೆಹರೂ ತಮ್ಮ ಉಯಿಲಿನಾಗ ಒಂದು ಹಿಡಿ ಬೂದಿ ಗಂಗೆಗೆ, ಹೆಚ್ಚಿನ ಪಾಲು ವಿಮಾನದಿಂದ ರೈತರು ದುಡಿಯೋ ಹೊಲಗಳ ಮ್ಯಾಲೆ ಅಂತ ಬರೆದಿಟ್ಟಿದ್ರು. 1964ರಲ್ಲಿ ಹಂಗೇ ಆಯ್ತು.

ಆದ್ರ ಮಾಡೋ ರೀತಿ ತಿಳಕೊಂಡು ಮಾಡ್ರಿ. ಬೂದಿ ಅಂದ್ರ ಗೊಬ್ಬರ ಅಂತ ಎಲ್ಲಾ ಸುರುವಿ, ಅದರ ಮ್ಯಾಲೇ ಸಸಿ ಊರಿದ್ರ ಸಸಿ ಸಾಯ್ತೈತಿ. ಚಿತಿ ಬೂದಿ ಕ್ಷಾರ, ಉಪ್ಪಿನಂಶ ಬಹಳ. ನಮ್ಮ ಎರಿ ಮಣ್ಣು ಮೊದಲೇ ಕ್ಷಾರದ ಕಡೆ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಅಥಣಿ, ರಾಯಬಾಗ ಕಡೆ ಸವಳು–ಜವಳಾದ ಹೊಲ ಎಷ್ಟು ಅದಾವ ಅಂತ ನಿಮ್ಮ ಅಪ್ಪಾರನ್ನ ಕೇಳ್ರಿ. ಬೂದಿಯನ್ನ ಅಗಲಕ್ಕ ಹರಡ್ರಿ, ತಿಪ್ಪಿ ಗೊಬ್ಬರ, ಮಣ್ಣು ಧಾರಾಳ ಬೆರೆಸ್ರಿ. ಪೆಟ್ಟಿಗಿ ಸಹಿತ ಹೂಳೋದಾದ್ರ ಬದುವಿನಾಗ ಒಂದು ಕೈ ಆಳಕ್ಕ ಹೂಳಿ, ಸಸಿಯನ್ನ ಅದರಿಂದ ನಾಲ್ಕು ಹೆಜ್ಜಿ ದೂರ ಹಚ್ಚ್ರಿ. ಬೇರು ತಾನೇ ಹುಡುಕಿಕೊಂಡು ಬರ್ತೈತಿ, ಅವಸರ ಇಲ್ಲ.

ಭಾಗ 8

"ಹುಡುಗಿ ಆಗಿ" ಅನ್ನೋದು ಉಳೀತು.

ನಮ್ಮ ಬಹಳ ಸಮಾಜಗಳಲ್ಲಿ ಹೆಣ್ಣಮಕ್ಕಳು ಸುಡುಗಾಡಿಗೆ ಹೋಗೋದಿಲ್ಲ. ಹೊರಸಲ ದಾಟಿ, ಓಣಿ ಮೂಲಿ ತನಕ. ಅಲ್ಲಿಂದ ಹೊಳ್ಳಿ ಬಂದು ಮನಿ ಸಾರಿಸಿ, ನೀರು ಕಾಸಿ, ಗಂಡಸರು ಬರೋ ದಾರಿ ಕಾಯೋದು. ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯನ ಕೊನೇ ದಾರಿ ಆಕಿಗೆ ಗೊತ್ತಿರೋದಿಲ್ಲ.

ನಮ್ಮ ಅಂಗಡಿಗೆ ಈ ಪೆಟ್ಟಿಗಿ ಕೇಳಿಕೊಂಡು ಬರೋರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣಮಕ್ಕಳು. ಮಗಳು, ಸೊಸಿ, ಒಮ್ಮೊಮ್ಮೆ ಹೆಂಡತಿ. ಅಪ್ಪನ ಹತ್ತಿರ ಹೇಳೋದಿಲ್ಲ, ನನ್ನ ಹತ್ತಿರ ಬಂದು ನಿಲ್ತಾರ. ಒಬ್ಬ ಮಾವಶಿ ಕಾಗವಾಡ ಕಡೆಯಿಂದ ಎರಡು ಬಸ್ ಬದಲಿಸಿ ಬಂದಿದ್ರು. ಪೆಟ್ಟಿಗಿ ತಗೊಂಡು ಮುಚ್ಚಳ ನಾಲ್ಕೈದು ಸಲ ತೆರೆದು ಮುಚ್ಚಿ ನೋಡಿದ್ರು, ಸರಿ ಜಾರ್ತೈತೋ ಇಲ್ಲೋ ಅಂತ. ಆಮೇಲೆ ಸೆರಗಿನಿಂದ ಒಳಗಿನ ಕಟ್ಟಿಗಿ ಪುಡಿ ಒರೆಸಿದ್ರು. ಆ ಮನುಷ್ಯನಿಗೆ ಅಂತ ಆಕಿ ತನ್ನ ಕೈಯಾರೆ ಮಾಡಿದ ಕಡೇ ಕೆಲಸ ಅದು. ಅದು ನಿಮಗ ಅಪಶಕುನ ಅಂತ ಕಂಡ್ರ ಶಕುನ ನೋಡೋ ನಿಮ್ಮ ಕಣ್ಣಾಗ ಏನೋ ಬಿದ್ದೈತಿ.

ಕೋವಿಡ್ ವರ್ಷ ನಾವು ಶಾಲ್ಯಾಗ ಇದ್ವಿ. 2021ರ ಜೂನ್‌ನಾಗ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನ ಆಗಿನ ಕಂದಾಯ ಮಂತ್ರಿ ಆರ್. ಅಶೋಕ ಮಂಡ್ಯ ಜಿಲ್ಲಾ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿದ್ದನ್ನ ಟಿವಿಯಾಗ ನೋಡಿದ್ವಿ. ಅವರ ಮನಿಯವರು ಕೆಟ್ಟವರು ಅಂತ ನಾ ಹೇಳೋದಿಲ್ಲ. ಕೆಲವರು ಅಂಜಿದ್ರು, ಕೆಲವರು ಆಸ್ಪತ್ರ್ಯಾಗ ಮಲಗಿದ್ರು, ಕೆಲವು ಮನಿಯಾಗ ಒಯ್ಯಾಕ ಯಾರೂ ಉಳದಿರಲಿಲ್ಲ. ಆದ್ರ ಬೂದಿ ಮುಟ್ಟಿದ್ರ ಏನೋ ಅಂಟ್ತೈತಿ ಅನ್ನೋ ಅಂಜಿಕಿ ಒಂದು ಊರನ್ನ ಎಲ್ಲಿಗೆ ತರ್ತೈತಿ ಅಂತ ಆವತ್ತ ಕಂಡಿತ್ತು. ನಿಮ್ಮ "ಥೂ" ಅದೇ ಅಂಜಿಕಿಯ ಸಣ್ಣ ಮರಿ.

ಸಂಬಂಧದ ವಿಚಾರ ನಾ ಅಪ್ಪನ ಜೊತಿ ಮಾತಾಡ್ತೀನಿ. ಪೆಟ್ಟಿಗಿ ನೋಡಿ ಹೊಳ್ಳಿ ಹೋಗೋ ಮಂದಿ ಹೊಳ್ಳಿ ಹೋಗಲಿ, ಅವರ ಮನಿಯಾಗ ಯಾರೂ ಸಾಯೋದಿಲ್ಲ ಅಂತ ಕಾಣ್ತೈತಿ.

ಭಾಗ 9

ಇನ್‌ಬಾಕ್ಸಿನಾಗ ಕೇಳಿದ್ದಕ್ಕ ಉತ್ತರ ಇಲ್ಲೇ ಕೊಡ್ತೀನಿ, ಎಲ್ಲರಿಗೂ ಒಂದೇ ಇರಲಿ ಅಂತ.

ಮಾವಿನದ್ದು 350 ರೂಪಾಯಿ. ಬೇವಿಂದು 450. ಕಟ್ಟಿಗಿ ನೀವೇ ತಂದ್ರ ಕೂಲಿ 200, ಜಾಲಿ ಇದ್ರ 250, ಯಾಕಂದ್ರ ಕರಗಸ ಅಳ್ತೈತಿ. ಹೆಸರು ಕೆತ್ತಾಕ ಬ್ಯಾರೆ ರೊಕ್ಕಾ ಇಲ್ಲ. ಕನ್ನಡ, ಮರಾಠಿ, ಉರ್ದು ಯಾವುದಾದ್ರೂ ಸರಿ, ಉರ್ದು ಮಾತ್ರ ನೀವು ಹಾಳಿ ಮ್ಯಾಲೆ ಬರೆದು ಕೊಡಬೇಕು. ಹೌದು, ದಫನ್ ಮಾಡೋರೂ ಬಂದಾರ, ಅಪ್ಪನ ಚಷ್ಮಾ, ತಸ್ಬಿ ಇಡಾಕ ಒಂದು ಪೆಟ್ಟಿಗಿ ಬೇಕು ಅಂತ. ಮಸೀದಿಯ ಜನಾಜಾದ ಕಾಲು ಮುರಿದಾಗ ರಿಪೇರಿ ಮಾಡಿದ್ದೂ ನಮ್ಮ ಅಪ್ಪನೇ, ಅದರ ಫೋಟೋ ಯಾರೂ ಕೇಳಿಲ್ಲ. ರೊಕ್ಕಾ ಇಲ್ಲದವರು ಇಲ್ಲ ಅಂತ ಹೇಳಿದ್ರ ಸಾಕು, ಕಾರಣ ಹೇಳೋದು ಬ್ಯಾಡ.

ಸಣ್ಣ ಮಕ್ಕಳ ಅಳತಿದು ಮಾಡಿ ಇಡೋದಿಲ್ಲ. ಬೇಕಾದಾಗ ಹೇಳ್ರಿ, ಆವತ್ತೇ ಮಾಡ್ತೀವಿ. ಅದಕ್ಕ ರೊಕ್ಕಾ ತಗೊಳ್ಳೋದಿಲ್ಲ.

ಆಫರ್, ಕೂಪನ್, ಕೊಲ್ಯಾಬ್, ರೀಲ್ ಯಾವುದೂ ಇಲ್ಲ. ಕೊಟ್ಟ ಪೆಟ್ಟಿಗಿಯ ಫೋಟೋ ಮನಿಯವರನ್ನ ಕೇಳದೆ ಹಾಕೋದಿಲ್ಲ, ಕೂರಿಗಿಯ ಫೋಟೋ ಕೇಳೇ ಹಾಕಿದ್ದು. ಅಂಗಡಿ ಮುಂದ ಇಡೋ ತನಕ ಇಲ್ಲಿ ಡಿಎಂ ಮಾಡ್ರಿ, ಇಲ್ಲಾ ಕಾಲೇಜಿನಾಗ ನನ್ನ ಕೈಗೆ ಚೀಟಿ ಕೊಡ್ರಿ. ಹೋದ ವಾರ "ಅನ್‌ಫಾಲೋ" ಅಂದವರೂ ಕೊಡಬಹುದು.

ದೀಪಾವಳಿ ಮುಂದ ಚೌಕಟ್ಟು, ಬಾಗಿಲ ಕೆಲಸ ಬಹಳ ಇರ್ತೈತಿ, ಆರ್ಡರ್ ಕೊಟ್ಟವರು ಹದಿನೈದು ದಿನ ಕಾಯಬೇಕು. ಪೆಟ್ಟಿಗಿಗೆ ಪಾಳಿ ಇಲ್ಲ. ಮುಂಜಾನೆ ಹೇಳಿದ್ರ ಸಂಜಿಗೆ ಸಿಗ್ತೈತಿ.

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಬಡಿಗತನ #ಅಸ್ಥಿಪೆಟ್ಟಿಗಿ